ಹಾಡಿನ ಕೆಳಗಿನ ಗೊರಗೊರ

ಬೀದಿಯಲ್ಲಿ ಬೇರೆ ಗಾಡಿಗಳು ಹೊರಡುವ ಮೊದಲೇ ರೇಡಿಯೊ ಅಕ್ಕ ಗ್ಯಾರೇಜಿನ ಶಟರ್ ಎತ್ತುತ್ತಾರೆ. ಹಳೆಯ ಕಾರುಗಳ ರೇಡಿಯೊದೊಳಗೆ ನುಗ್ಗುವ ಎಂಜಿನ್ ಸದ್ದನ್ನು ಅಡಗಿಸುವುದು ಅವರ ಕಸುಬು. ಬೀದಿ ಗದ್ದಲಕ್ಕೆ ಬಿದ್ದರೆ ಆ ಸದ್ದಿನ ಜಾಡು ಸಿಗದು.

ಇವತ್ತು ಎದುರಿಗಿರುವುದು ಕೆನೆಬಣ್ಣದ ಕಾರು. ಕಳೆದ ವಾರ ಅವರೇ ಸರಿಮಾಡಿದ್ದು, ಮತ್ತೆ ಗೊರಗೊರ ಎನ್ನುತ್ತಿದೆ. ಹಳೆ ಕಾರುಗಳ ಪ್ರದರ್ಶನವೂ ಇವತ್ತೇ. ಗ್ಯಾರೇಜಿನ ಯಜಮಾನರು ನಿನ್ನೆ ಸಂಜೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: "ಬೆಳಿಗ್ಗೆ ಸರಿಹೋಗ್ಲಿಲ್ಲ ಅಂದ್ರೆ ನಿನ್ನ ಮೂಲೆ ಖಾಲಿ ಮಾಡಮ್ಮ. ಪೇಂಟರ್‌ಗೆ ಜಾಗ ಬೇಕಂತೆ."

ಮೂಲೆಯೆಂದರೆ ಒಂದು ಮೇಜು, ಬೆಸುಗೆ ಕಡ್ಡಿ, ಬಿಸ್ಕತ್ತಿನ ಡಬ್ಬಿಯಲ್ಲಿ ಸದ್ದು ಹೀರುವ ಕಂಡೆನ್ಸರ್‌ಗಳು. ಮೇಜು ಮಾವನದು. ಅವರ ರೇಡಿಯೊ ಅಂಗಡಿಯಲ್ಲೇ ಅಕ್ಕ ಕೆಲಸ ಕಲಿತದ್ದು. ಅಂಗಡಿ ಮುಚ್ಚಿದಾಗ ಮೇಜು ಇಲ್ಲಿಗೆ ಬಂತು. ಮನೆಯಲ್ಲಿ ಅತ್ತೆ ಛೇಡಿಸುತ್ತಾರೆ: "ನನ್ ಸೊಸೆ ಮುಂದೆ ಹಾಡು ಹಾಕಿ ಏನು ಸುಖ? ಅವಳಿಗೆ ಕೇಳ್ಸೋದು ಬರೀ ಗೊರಗೊರ."

ಅಕ್ಕ ಎಂಜಿನ್ ಚಾಲೂ ಮಾಡಿ ರೇಡಿಯೊ ಹಾಕುತ್ತಾರೆ. ಆಕ್ಸಿಲರೇಟರ್ ಒತ್ತಿದಷ್ಟೂ ಗೊರಗೊರ ಹಾಡನ್ನು ನುಂಗುತ್ತದೆ. ರೇಡಿಯೊ ಹಿಂದಿನಿಂದ ಏರಿಯಲ್ ತಂತಿ ಕಿತ್ತರೆ ಸದ್ದು ಮಾಯ. ಅಂದರೆ ಕಳ್ಳ ಬರುತ್ತಿರುವುದು ಏರಿಯಲ್ ದಾರಿಯಲ್ಲಿ. ಕಾರಿನ ಮೈಗೆ ತಿರುಪಿನಿಂದ ಬಿಗಿದ ಅದರ ಬುಡ ಬಿಚ್ಚುತ್ತಾರೆ. ಬುಡ ಬರಿಯ ಲೋಹಕ್ಕೆ ತಾಗದಿದ್ದರೆ ಎಂಜಿನ್ ಸದ್ದು ಒಳನುಗ್ಗುತ್ತದೆಂದು ಕಳೆದ ವಾರ ಅಕ್ಕ ಹೊಳೆಯುವಂತೆ ಕೆರೆದಿದ್ದ ಜಾಗಕ್ಕೆ ಈಗ ನುಣ್ಣಗೆ ಕೆನೆಬಣ್ಣ ಬಳಿಯಲಾಗಿದೆ.

"ಕೆರೆದ ಗುರುತು ಅಸಹ್ಯವಾಗಿತ್ತಲ್ಲಕ್ಕಾ, ಮುಚ್ಚಿದೆ," ಎನ್ನುತ್ತಾನೆ ಆಗತಾನೆ ಬಂದ ಪೇಂಟರ್.

"ಏರಿಯಲ್ ಎತ್ತಿ ಅದರ ಕೆಳಗೆ ಯಾರು ಇಣುಕ್ತಾರೋ ಮಹಾರಾಯ? ಒಂದು ಮಾತು ಕೇಳ್ಬಾರ್ದಿತ್ತಾ?"

"ಯಜಮಾನ್ರನ್ನ ಕೇಳಿದ್ನಲ್ಲ. ಹೊಡಿ ಅಂದ್ರು."

ಅಕ್ಕ ಉಪ್ಪುಕಾಗದ ಹಿಡಿದು ಲೋಹ ಮಿನುಗುವವರೆಗೆ ಉಜ್ಜುತ್ತಾರೆ. ಬುಡ ಕೂರಿಸಿ ತಿರುಪು ಬಿಗಿದು ಎಂಜಿನ್ ಚಾಲೂ ಮಾಡಿದರೆ, ಹಾಡು ತಿಳಿಯಾಗಿ ಹರಿಯುತ್ತದೆ.

ಅಷ್ಟರಲ್ಲಿ ಕಾರಿನ ಮಾಲೀಕರೂ ಯಜಮಾನರೂ ಒಟ್ಟಿಗೇ ಬರುತ್ತಾರೆ. ಯಜಮಾನರು ಪ್ರದರ್ಶನಕ್ಕೆ ಹೋಗಲು ಇಸ್ತ್ರಿ ಅಂಗಿ ತೊಟ್ಟಿದ್ದಾರೆ. "ಕೇಳಿ ಸಾರ್, ನಮ್ಮ ಗ್ಯಾರೇಜಿನ ಕೈಗುಣ!"

ಸದ್ದು ಬಂದರೆ ರೇಡಿಯೊ ಅಕ್ಕನ ತಪ್ಪು. ನಿಂತರೆ ಗ್ಯಾರೇಜಿನ ಕೈಗುಣ. ವರ್ಷಗಳಿಂದ ಇದೇ ನ್ಯಾಯ. ಪ್ರದರ್ಶನದಲ್ಲಿ ಚಪ್ಪಾಳೆ ಹೊಡೆಯುವ ನಾವೂ ರೇಡಿಯೊ ಯಾರು ಹಾಡಿಸಿದರೆಂದು ಕೇಳಿದವರಲ್ಲ.

ಇವತ್ತು ಅಕ್ಕ ಸುಮ್ಮನಿರುವುದಿಲ್ಲ. "ಸಾರ್, ಸದ್ದು ಬಂದಿದ್ದು ಬಣ್ಣದಿಂದ. ಬಣ್ಣ ಹೊಡಿ ಅಂದಿದ್ದು ಇವ್ರು. ಕೆರೆದು ನಿಲ್ಸಿದ್ದು ನಾನು. ಮೂಲೆ ಖಾಲಿ ಮಾಡು ಅಂದಿದ್ದೂ ನನಗೇ."

"ಹೌದೇನ್ರೀ?" ಎಂದು ಮಾಲೀಕರು ತಿರುಗುತ್ತಾರೆ.

ಯಜಮಾನರ ಮುಖ ಇಂಗು ತಿಂದ ಮಂಗನ ಹಾಗಾಗುತ್ತದೆ. "ಏನೋ ಬಾಯಿಗೆ ಬಂದಿದ್ದು ಅಂದೆ ಬಿಡಮ್ಮ. ಮೂಲೆ ನಿಂದೇ. ಸಾರ್, ಹೊರಡೋಣ, ಹೊತ್ತಾಯ್ತು."

ಅಕ್ಕ ಕೈ ಒರೆಸಿಕೊಳ್ಳುತ್ತಾರೆ. ಹಿಂದಿನ ಬಾಗಿಲು ತೆಗೆದು, ತಾವು ಎಂದೂ ಕೂರದ ಮೆತ್ತನೆಯ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಳ್ಳುತ್ತಾರೆ.

"ಹಾಡು ಮುಗೀಲಿ ಸಾರ್, ಆಮೇಲೆ ಹೋಗಿ. ಇಷ್ಟು ವರ್ಷ ಹಾಡಿನ ಕೆಳಗಿನ ಗೊರಗೊರ ಅಷ್ಟೇ ಕೇಳಿದ್ದು. ಒಂದಾದ್ರೂ ಪೂರ್ತಿ ಕೇಳ್ತೀನಿ."

ಎಂಜಿನ್ ಓಡುತ್ತಿದೆ. ಇಸ್ತ್ರಿ ಅಂಗಿಯ ಯಜಮಾನರು ಹೊರಗೆ ಕಾಯುತ್ತಿದ್ದಾರೆ. ಎರಡನೆಯ ಚರಣ ಈಗಷ್ಟೇ ಶುರುವಾಗಿದೆ.