ಅತ್ತೆಯ ಬಾಯಿಗೆ ಜೇಷ್ಠಮಧು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹುಮನಾಬಾದಿನಿಂದ ಕಲ್ಯಾಣಕ್ಕೆ ಸೊಸೆಯಾಗಿ ಬಂದಾಗ ನನಗೆ ಇಪ್ಪತ್ತು ತುಂಬಿತ್ತು. ಬಂದ ವಾರದಲ್ಲೇ ಹೊಟ್ಟೆ ಕಟ್ಟಿತು.

ತವರಲ್ಲಿ ಬಯಲಿಗೆ ಹೋಗಲು ಹಿತ್ತಲ ಹಿಂದೆಯೇ ಜಾಲಿಯ ಮರೆ ಇತ್ತು. ನಾನು ಬರುವವರೆಗೆ ಅವ್ವ ದೂರ ನಿಂತು ಕಾಯುತ್ತಿದ್ದಳು. ಇಲ್ಲಿ ಹಾಗಲ್ಲ. ಹೊಸ ಸೊಸೆ ನಸುಕಿನಲ್ಲಿ ಚಂಬು ಹಿಡಿದು ಅತ್ತೆಯ ಜೊತೆ ಬಯಲಿಗೆ ಹೋಗಬೇಕು, ಅತ್ತೆಯ ಪಕ್ಕದಲ್ಲೇ ಕೂಡಬೇಕು. ನಮ್ಮತ್ತೆಯೋ, ಕೂತಲ್ಲಿಂದ ಏಳುವವರೆಗೂ ಮಾತು! ಯಾರ ಎಮ್ಮೆ ಕರು ಹಾಕಿತು, ಯಾರ ಮನೆಗೆ ಮುಡಬಿಯಿಂದ ಬೀಗರು ಬಂದರು, ಎಲ್ಲವೂ ಅಲ್ಲೇ ಆಗಬೇಕು. ನಡುವೆ "ಹೌದಿಲ್ಲೋ?" ಅಂತ ನನ್ನನ್ನೂ ಕೇಳುವಳು. ನನಗೆ ಎಲ್ಲಿಂದ ಬರಬೇಕು? ಹೋದ ಹಾಗೇ ತಿರುಗಿ ಬರುತ್ತಿದ್ದೆ.

ಔಡಲೆಣ್ಣೆ ಕುಡಿಸಿದರು. ಅಂದು ಹೋಯಿತು, ಮತ್ತೆ ಐದು ದಿನ ಬಂದ್. ಸೋನಾಮುಖಿ ಕಷಾಯ ಕುಡಿಸಿದರು. ಕರುಳು ಹಿಂಡಿ ಕಣ್ಣಲ್ಲಿ ನೀರು ಬಂತು, ಆಮೇಲೆ ಮತ್ತದೇ ಕಥೆ. ಅನ್ನ ಕಂಡರೆ ಹೇಸಿಕೆ. ನಾನು ಇಲ್ಲೇ ಸಾಯುತ್ತೇನೆ ಎಂದೇ ಅಂಜಿದ್ದೆ. ಅತ್ತೆಗೂ ಅಂಜಿಕೆ ಹತ್ತಿ, ಓಣಿಯ ಮುದಿ ಹಕೀಮರ ಹತ್ತಿರ ಕರೆದೊಯ್ದಳು.

"ಇನ್ನೂ ಜೋರಿನ ಜುಲಾಬು ಕೊಡ್ರಿ ಹಕೀಮಸಾಬ್ರ."

ಹಕೀಮರು ನನ್ನ ನಾಡಿ ಬಿಟ್ಟು ಸಿಟ್ಟಿನಿಂದ ನೋಡಿದರು. "ಜುಲಾಬು ಕೊಟ್ಟು ಕೊಟ್ಟು ಕರುಳ ಖರಾಬ್ ಮಾಡ್ತೀರೇನ್ರಿ? ಮುಂಜಾನಿ ಯಾರ ಜೋಡಿ ಹೋಗ್ತಾಳ ಈಕಿ?"

"ನನ್ನ ಜೋಡೀನೇರಿ! ಬಾಜೂಕೇ ಕೂಡ್ತೀನಿ, ಮಾತಾಡ್ಕೋತ ಇರ್ತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಹಕೀಮರು ನನ್ನನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿ, ಒಂದು ಜೇಷ್ಠಮಧುವಿನ ಕಡ್ಡಿ ತೆಗೆದು ಅತ್ತೆಯ ಕೈಗೆ ಕೊಟ್ಟರು.

"ಬಯಲಿಗಿ ಹೋದಾಗ ಇದು ನಿಮ್ಮ ಬಾಯಾಗ ಇರ್ಲಿ. ದೂರ ನಿಂದರ್ರಿ. ಮನಿಗಿ ಬರೋತನಕ ತೆಗೀಬ್ಯಾಡ್ರಿ."

"ಹೊಟ್ಟಿ ಅಕೀದು, ದವಾ ನನಗ್ಯಾಕ್ರಿ?"

"ನೀವು ಬಾಯಿ ಮುಚ್ಚಿದ್ರ ಅಕಿ ಹೊಟ್ಟಿ ಬಿಚ್ತದ."

ಮರುದಿನ ಅತ್ತೆ ಕಡ್ಡಿ ಕಚ್ಚಿಕೊಂಡು, ಮುಖ ಊದಿಸಿಕೊಂಡು ನಡೆದಳು. ಇಪ್ಪತ್ತು ಹೆಜ್ಜೆ ಆಚೆ ನನಗೆ ಬೆನ್ನು ಮಾಡಿ ನಿಂತಳು. ಒಂದು ಮಾತಿಲ್ಲ. ಅಬ್ಬಾ, ದೇವರೇ! ಆ ಹಗುರವನ್ನು ಏನು ಹೇಳಲಿ, ಜೀವ ತಿರುಗಿ ಬಂತು. ಮನೆಯ ದಾರಿಯಲ್ಲಿ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ.

ಹೊಸ್ತಿಲಲ್ಲಿ ಅತ್ತೆ ಕಡ್ಡಿ ತೆಗೆದಳು. "ಆತೇನವ್ವಾ?"

"ಆತ್ರಿ."

ಅವಳು ಕಟ್ಟೆಯ ಮೇಲೆ ಕುಸಿದು ಕೂತಳು. "ನಾ ಸೊಸಿಯಾಗಿ ಬಂದಾಗ ನಮ್ಮತ್ತಿ ಬಾಜೂಕ ಕುಂತು ಒಂದ್ ಮಾತೂ ಆಡ್ತಿರಲಿಲ್ಲ. ಎಲ್ಲಾ ಕೇಳಸ್ತದಂತ ನಾಚಿ, ಎಂಟೆಂಟ್ ದಿನ ತಡಕೊಂಡೀನಿ. ಏನಾಗ್ಯದಂತ ಯಾರೂ ಕೇಳಲಿಲ್ಲ. ನಿನಗ ಹಂಗ ಆಗಬಾರ್ದಂತ ಮಾತಾಡ್ತಿದ್ದೆನವ್ವಾ."

ಹದಿನೈದು ದಿನ ಆ ಮಾತನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ! ನಾಚಿಕೆಯಾಯಿತು. ಅವಳ ಕೈಯಿಂದ ಕಡ್ಡಿ ತೆಗೆದುಕೊಂಡು, ತೊಳೆದು ಗೂಡಿನಲ್ಲಿಟ್ಟೆ.

"ಈಗ ಮಾತಾಡ್ರಿ ಅತ್ತಿ," ಎಂದು ಅವಳ ಪಕ್ಕದಲ್ಲೇ ಕೂತೆ.