ಬೋಗುಣಿಯಲ್ಲಿಟ್ಟ ಕಾಲು

ನನ್ನ ಎಡಗಾಲಿನ ಹರಡಿನ ಮೇಲೆ ಒಂದು ಕಲೆಯಿದೆ. ಮೊಮ್ಮಕ್ಕಳು ಕೇಳಿದರೆ ನಾಯಿ ಕಚ್ಚಿತ್ತು ಎಂದು ಸುಳ್ಳು ಹೇಳುತ್ತೇನೆ. ಅದು ನಾರುಹುಣ್ಣಿನ ಕಲೆ.

ಸಂಸ್ಥಾನದ ಕಾಲದ ಬನಹಟ್ಟಿಯಲ್ಲಿ ಬೇಸಿಗೆ ಬಂತೆಂದರೆ ಮನೆಗೊಬ್ಬರ ಕಾಲಲ್ಲಿ ಗುಳ್ಳೆ ಏಳುತ್ತಿತ್ತು. ಗುಳ್ಳೆ ಒಡೆದರೆ ಒಳಗಿನಿಂದ ದಾರದಂಥ ಬಿಳಿ ಹುಳ ಹಣಿಕಿ ಹಾಕುತ್ತಿತ್ತು. ಅವ್ವ ಅದನ್ನು ನೂಲು ಸುತ್ತುವ ಕಂಡಿಕೆಯ ಕಡ್ಡಿಗೆ ಸುತ್ತಿ, ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಎಳೆಯುತ್ತಿದ್ದಳು. ನೇಕಾರರ ಕೈ, ಹರಿಯದಂತೆ ಎಳೆಯುವುದು ಗೊತ್ತಿತ್ತು. ಆದರೆ ಆ ಉರಿ? ಅಯ್ಯಯ್ಯೋ, ವೈರಿಗೂ ಬೇಡ.

ಉರಿ ಆರಿಸಲು ಇದ್ದದ್ದು ಒಂದೇ ಜಾಗ, ನಮ್ಮ ಓಣಿಯ ಪಾವಟಿಗೆ ಬಾವಿ. ನೀರಿನವರೆಗೂ ಕಲ್ಲಿನ ಮೆಟ್ಟಿಲು ಇಳಿದು ಹೋಗಿ ಕೊಡ ತುಂಬಿಕೊಳ್ಳುತ್ತಿದ್ದೆವು. ನೂಲಿಗೆ ಗಂಜಿ ಹಾಕುವ ಮೊದಲು ಅದರ ಲಡಿಗಳನ್ನು ಕಾಲಿನಿಂದ ತುಳಿದು ನೆನೆಸಬೇಕಲ್ಲ, ಅದನ್ನೂ ಓಣಿಯ ಹುಡುಗಿಯರು ಆ ಬಾವಿಯ ಕೊನೆಯ ಪಾವಟಿಗೆಯ ಮೇಲೆ ನಿಂತೇ ಮಾಡುತ್ತಿದ್ದೆವು. ಹುಣ್ಣಾದವಳಿಗೆ ಆ ಕೆಲಸವೆಂದರೆ ಪ್ರಾಣ. "ಇವತ್ತ ನಾ ತುಳೀತೇನಿ" ಎಂದು ಜಗಳ ತೆಗೆದು ನಾನು ಇಳಿಯುತ್ತಿದ್ದೆ. ಕುಡಿಯುವ ನೀರೂ ಅದೇ ಎಂಬುದು ಯಾರ ತಲೆಗೂ ಹೋಗಿರಲಿಲ್ಲ.

ನನ್ನ ಅಣ್ಣ ಸಂಸ್ಥಾನದ ಖರ್ಚಿನಲ್ಲಿ ಪರಊರಿನ ಸರಕಾರಿ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ. ಒಂದು ಬೇಸಿಗೆ ಸೂಟಿಗೆ ತನ್ನ ಪ್ರೊಫೆಸರರನ್ನೇ ಕರೆದುಕೊಂಡು ಬಂದ. ಜನರ ದುಡ್ಡಿನಿಂದ ನಡೆಯುವ ವಿದ್ಯಾಲಯ ಜನರ ಕಷ್ಟಕ್ಕೆ ಒದಗದಿದ್ದರೆ ಅದೆಂಥ ವಿದ್ಯೆ ಎಂದು ವಾದಿಸುವ ಮನುಷ್ಯ ಅವರು. ಹುಣ್ಣಿನ ಕಾಲಿನಿಂದ ಹುಳದ ಮರಿ ನೀರಿಗಿಳಿಯುತ್ತದೆ, ಆ ನೀರು ಕುಡಿದವರಿಗೆ ಮುಂದಿನ ವರ್ಷ ಹುಣ್ಣಾಗುತ್ತದೆ, ಪಾವಟಿಗೆ ಮುಚ್ಚಿಸಿ, ಮೇಲಿನಿಂದಲೇ ಹಗ್ಗದಲ್ಲಿ ನೀರು ಸೇದಲು ಗಡಗಡಿ ಹಾಕಿಸಿರಿ ಎಂದು ಪಂಚರಿಗೆ ಹೇಳಿದರು. ಪಂಚರು ನಕ್ಕರು. ಅವರು ಹೂಂ ಅನ್ನದೆ ಸಂಸ್ಥಾನದವರು ಒಂದು ಕಲ್ಲನ್ನೂ ಮುಟ್ಟುವಂತಿರಲಿಲ್ಲ.

"ಕಣ್ಣಿಲೆ ತೋರಸ್ರಿ, ಆಮ್ಯಾಲ ನೋಡೂಣು" ಎಂದರು.

ಅಣ್ಣ ಮನೆಗೆ ಓಡಿ ಬಂದ. "ತಂಗಿ, ಒಂದ ಸಲ ಮಂದಿ ಮುಂದ ಕಾಲ ತೋರಸ. ಯಾರೂ ಬರವಲ್ರು."

"ಹುಚ್ಚ ಹಿಡದೈತೇನ ನಿನಗ?" ಎಂದು ಅವ್ವ ಎಗರಿಬಿದ್ದಳು. "ಲಗ್ನಕ್ಕ ಬಂದ ಹುಡುಗಿ ಐತಿ. ನಾಳೆ ಇಕಿನ್ನ ಯಾರ ಮಾಡ್ಕೋತಾರ?"

ಅಣ್ಣನ ಮುಖ ನೋಡಲಾಗದೆ ನಾನೇ ಎದ್ದು ನಡೆದೆ.

ಬಾವಿಯ ಮುಂದೆ ನೀರು ತುಂಬಿದ ಹಿತ್ತಾಳೆಯ ಬೋಗುಣಿ ಇಟ್ಟಿದ್ದರು. ಸೀರೆ ಎತ್ತಿ ಕಾಲಿಟ್ಟೆ. ತಂಪು ತಾಗಿದ್ದೇ ತಡ, ಹುಣ್ಣಿನಿಂದ ಹಾಲಿನಂಥದ್ದು ಹೊರಬಿದ್ದು ನೀರಲ್ಲಿ ಹರಡಿತು. ಆ ನೀರಿನ ಹನಿಯನ್ನು ಪಂಚರು ಒಬ್ಬೊಬ್ಬರಾಗಿ ಪ್ರೊಫೆಸರರು ತಂದಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿ, "ಯಪ್ಪಾ, ಹುಳ ಹರದಾಡಾಕತ್ತಾವಲೇ!" ಎಂದು ಹಿಂದೆ ಸರಿದರು. ಬಾಜು ಮನೆಯ ಅಕ್ಕ ಮಗನನ್ನು ಎತ್ತಿಕೊಂಡು ಎದುರಿಗೇ ನಿಂತಿದ್ದಳು. ನಾರುಹುಣ್ಣಿನಿಂದ ಆ ಕೂಸಿನ ಮೊಣಕಾಲು ಮಡಚುತ್ತಿರಲಿಲ್ಲ. ಅವಳು ಬೋಗುಣಿಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಮಳೆಗಾಲದ ಮೊದಲೇ ಪಾವಟಿಗೆ ಮುಚ್ಚಿ, ಕಟ್ಟೆ ಕಟ್ಟಿ, ಗಡಗಡಿ ಹಾಕಿದರು. ಅಣ್ಣ, ಪ್ರೊಫೆಸರರು ಅಷ್ಟರಲ್ಲಿ ಹೋಗಿಯಾಗಿತ್ತು. ನನ್ನ ಹುಣ್ಣೂ ಮಾಯ್ದಿತ್ತು. ಹೊಸ ಹಗ್ಗಕ್ಕೆ ಕೈ ಹಾಕಿದೆ, ಬಾಜು ಮನೆಯ ಅಕ್ಕ ಕಸಿದುಕೊಂಡಳು.

"ಮುಟ್ಟಬ್ಯಾಡ ಬೇ. ಕಾಲಿಲೆ ಮಾಡಿದ್ದು ಸಾಲದೇನು? ದೂರ ನಿಂದ್ರ, ನಾವ ಹಾಕತೇವಿ."

ಉಳಿದವರೂ ತಮ್ಮ ಕೊಡ ಹಿಂದಕ್ಕೆಳೆದುಕೊಂಡರು. ಹಗ್ಗಕ್ಕೂ ಹುಳಕ್ಕೂ ಏನು ಸಂಬಂಧ ಎಂದು ಕೇಳಬಹುದಿತ್ತು. ಓಣಿಯಲ್ಲೇ ಜೋರು ಬಾಯಿಯವಳು ನಾನು. ಆದರೆ ಅವಳ ಕೂಸಿನ ಕಾಲು ಕಣ್ಣಮುಂದೆ ಬಂತು, ಕೊಡ ಎತ್ತಿಕೊಂಡು ದೂರ ಸರಿದೆ.

ದೂರ ಎಂದರೆ ಬೇವಿನ ಗಿಡದ ಕೆಳಗೆ. ಅದು ಊರ ಹೊರಗಿನ ಕೇರಿಯ ಹೆಂಗಸರು ನಿಲ್ಲುವ ಜಾಗ. ಅವರು ಬಾವಿ ಮುಟ್ಟುವ ಹಾಗಿರಲಿಲ್ಲ. ನಮ್ಮಲ್ಲಿ ಯಾರಾದರೂ ಮನಸ್ಸು ಮಾಡಿ ಅವರ ಕೊಡಕ್ಕೆ ಮೇಲಿನಿಂದ ಸುರಿಯುವ ತನಕ ಕಾಯಬೇಕು. ನಾನೂ ಎಷ್ಟೋ ಸಲ ಸುರಿದಿದ್ದೆ, ದೊಡ್ಡ ಪುಣ್ಯ ಕಟ್ಟಿಕೊಂಡೆ ಎಂದುಕೊಂಡು. ಈಗ ಅವರ ಪಕ್ಕ ಖಾಲಿ ಕೊಡ ಹಿಡಿದು ಅಳುತ್ತಾ ನಿಂತೆ. ಒಬ್ಬ ಮುದುಕಿ ಸರಿದು ನೆರಳು ಬಿಟ್ಟುಕೊಟ್ಟಳು. "ಬಾ ನನ ಮಗಳ, ಇಲ್ಲಿ ನಿಂದ್ರ. ಕಾಲ ಸುಡತಾವ." ಮುಂದೆ ಬಾವಿಯ ಹತ್ತಿರ ನನ್ನೊಡನೆ ಮಾತಾಡುತ್ತಿದ್ದವಳು ಅವಳೊಬ್ಬಳೇ. ನನ್ನನ್ನು ಚೇಷ್ಟೆ ಮಾಡಿ ನಗಿಸುತ್ತಿದ್ದಳು.

ಪರೀಕ್ಷೆ, ಪ್ರಯೋಗ ಎಂದು ಅಣ್ಣ ಊರ ಕಡೆ ಸುಳಿಯಲಿಲ್ಲ. ಎರಡನೆಯ ಬೇಸಿಗೆಗೆ ಓಣಿಯಲ್ಲಿ ಒಂದು ಕಾಲಿಗೂ ಗುಳ್ಳೆ ಏಳಲಿಲ್ಲ. ಸುದ್ದಿ ತಿಳಿದು ಪ್ರೊಫೆಸರರು ಅಣ್ಣನೊಡನೆ ಮತ್ತೆ ಬಂದರು. ಬಾವಿಕಟ್ಟೆಯ ಬಳಿ ಮಂದಿ ಸೇರಿತು. "ಎಲ್ಲಿ ನಮ್ಮ ಆ ಧೈರ್ಯದ ಹುಡುಗಿ?" ಎಂದು ಅವರು ಕೇಳಿದರು. ಅಣ್ಣ ಸುತ್ತ ಹುಡುಕಿ ಬೇವಿನ ಕೆಳಗೆ ನನ್ನನ್ನು ಕಂಡ.

"ಅಲ್ಯಾಕ ನಿಂತಿ?"

ಹೇಳಿದೆ. ಅವನ ಮುಖ ಕೆಂಪಗಾಯಿತು. ಪ್ರೊಫೆಸರರಿಗಂತೂ ಸಿಟ್ಟೇ ಬಂತು. ಮಾಯ್ದ ಕಾಲಿನಿಂದ ಏನೂ ಹತ್ತುವುದಿಲ್ಲ, ಹಗ್ಗ ಹಿಡಿದರೆ ಹುಳ ಬರುವುದಿಲ್ಲ, ಈ ಹುಡುಗಿಯನ್ನು ಹೀಗೆ ನಿಲ್ಲಿಸಿದ್ದು ನಾಚಿಕೆಗೇಡು ಎಂದು ಎಲ್ಲರಿಗೂ ಛೀಮಾರಿ ಹಾಕಿದರು. ಪಂಚರು ತಲೆ ತಗ್ಗಿಸಿದರು. ಬಾಜು ಮನೆಯ ಅಕ್ಕ ತಾನೇ ಬಂದು ಹಗ್ಗವನ್ನು ನನ್ನ ಕೈಗಿಟ್ಟಳು. "ತಪ್ಪಾತ ಬೇ, ಜಗ್ಗ." ಮಂದಿ ಚಪ್ಪಾಳೆ ತಟ್ಟಿತು.

ಬೇವಿನ ಕೆಳಗೆ ಉಳಿದವರ ಬಗ್ಗೆ ಪ್ರೊಫೆಸರರು ಕೇಳಲಿಲ್ಲ. ಅಣ್ಣ ಕೇಳಲಿಲ್ಲ. ನಾನು ಹೇಳಲಿಲ್ಲ, ಹಗ್ಗ ಸಿಕ್ಕ ಖುಷಿಯಲ್ಲಿ ನನಗೆ ಹೊಳೆಯಲೇ ಇಲ್ಲ.

ಕೊಡ ಮೇಲೆ ಬಂತು. ಅಷ್ಟರಲ್ಲಿ ಆ ಮುದುಕಿ ಎದ್ದು ಬಂದು, ಕಟ್ಟೆಯಿಂದ ದೂರ ನಿಂತು, ತನ್ನ ಕೊಡ ಮುಂದೆ ಹಿಡಿದಳು.

"ಛಲೋ ಆತ್ರಿ ಅವ್ವಾರ," ಎಂದಳು. ಖರೇನೇ ಅವಳ ಮುಖದಲ್ಲಿ ಸಂತೋಷವಿತ್ತು. "ನಮಗೂ ಒಂದ ಕೊಡ ಹಾಕ್ರಿ."

ಮಂದಿ ನೋಡುತ್ತಿತ್ತು. ನಾನು ಮೇಲಿನಿಂದ ಸುರಿದೆ.