ಭಾವನಿಗೆ ಸಿಗದ ರೈಫಲ್

ಆಸ್ಪತ್ರೆಯಲ್ಲಿದ್ದ ತಮ್ಮನನ್ನು ಒಮ್ಮೆಯೂ ನೋಡಲು ಬಾರದ ಭಾವ, ಆ ತಮ್ಮನ, ಅಂದರೆ ನನ್ನ ಗಂಡನ, ಉತ್ತರಕ್ರಿಯೆಯ ಬೊಜ್ಜದ ದಿನ ಡೊಂಬಿವಲಿಯ ನಮ್ಮ ಮನೆಗೆ ಬಂದು ಅವರ ಹಳೆಯ ಪಾಯಿಂಟ್ ಟೂ-ಟೂ ರೈಫಲ್ ಕೇಳಿದರು.

“ಸೀರಿಯಲ್ ನಂಬರೇ ಇಲ್ಲ ನೋಡು, ಅಷ್ಟು ಹಳೇದು. ನಮ್ಮ ಅಜ್ಜಂದು. ಹಿರಿಯವನಿಗೆ ಸೇರ್ಬೇಕು.”

ನಂಬರಿಲ್ಲದಿದ್ದರೆ ಬಂದೂಕು ಯಾವ ಕಾಲದ್ದೆಂದು ತಿಳಿಯಲು ನಳಿಗೆಯ ಮೇಲಿನ ಕಂಪನಿ ಮುದ್ರೆ ನೋಡಬೇಕು, ಅದು ಕಾಲಕಾಲಕ್ಕೆ ಬದಲಾಗುತ್ತಿತ್ತು ಎಂದು ಗಂಡ ಹಿಂದೆ ಆ ರೈಫಲಿಗೆ ಎಣ್ಣೆ ಹಚ್ಚುತ್ತ, ಯಾವ ಮುದ್ರೆ ಯಾವಾಗಿನದು ಎಂಬುದನ್ನೂ ಹೇಳಿಕೊಟ್ಟಿದ್ದರು. ಎಲ್ಲರೂ ಊಟಕ್ಕೆ ಕೂರುವವರೆಗೆ ಕಾದೆ.

“ಭಾವ, ಅಜ್ಜ ತೀರಿಕೊಂಡದ್ದು ಯಾವಾಗ?”

“ಸ್ವಾತಂತ್ರ್ಯಕ್ಕೂ ಮೊದಲು,” ಎಂದರು ಹೆಮ್ಮೆಯಿಂದ.

“ಈ ಮುದ್ರೆ ಆಮೇಲಿನದು. ಅಜ್ಜ ಸ್ವರ್ಗದಿಂದ ಇಳಿದು ಬಂದು ತಗೊಂಡ್ರಾ?”

ಪಂಕ್ತಿಯಲ್ಲಿ ಕೂತವರು ನಕ್ಕರು. ಭಾವ ಪಾಯಸ ಮುಟ್ಟದೆ ಎದ್ದರು. ಗಂಡ ಹೋದ ಮೇಲೆ ನನಗೆ ಮೊದಲ ಸಲ ಹಸಿವಾಯಿತು.

ಮರುದಿನ ರೈಫಲನ್ನು ಪೊಲೀಸ್ ಠಾಣೆಗೆ ಒಪ್ಪಿಸಿದೆ. ನನಗೂ ಅದು ಬೇಕಿರಲಿಲ್ಲ, ಅವರಿಗೆ ಸಿಗಬಾರದಿತ್ತು.